ಜವಾರಿ ಕೋಳಿಗಳ ಹಿಂಡಿಗೆ ಗಿನಿ ಕೋಳಿಗಳನ್ನು ಸೇರಿಸಿದ ಬಗೆ

ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ನದಿಗೆ ಸಮೀಪವಿರುವ ನಮ್ಮ ಹೊಲದಲ್ಲಿ ಕಬ್ಬು ಮತ್ತು ಗೋವಿನಜೋಳ ಮುಖ್ಯ ಬೆಳೆಗಳಾದರೂ, ತೋಟದ ಮನೆಯ ಕೈಖರ್ಚಿಗೆ ಆಸರೆಯಾಗಿರುವುದು ನಮ್ಮ ಅತ್ತೆಯವರು ಬಹಳ ವರ್ಷಗಳಿಂದ ಸಾಕಿಕೊಂಡು ಬಂದಿರುವ ಜವಾರಿ ಕೋಳಿಗಳು. ಸುಮಾರು ಮೂವತ್ತು ಹೆಣ್ಣು ಕೋಳಿಗಳು ಮತ್ತು ಎರಡು ಹುಂಜಗಳಿರುವ ಈ ಹಿಂಡಿನಲ್ಲಿ ಯಾವ ಕೋಳಿ ಮೊದಲು ಕಾಳಿಗೆ ಬರಬೇಕು, ಯಾವುದು ಅಟ್ಟಣಿಗೆಯ ಯಾವ ಕೊನೆಯಲ್ಲಿ ಮಲಗಬೇಕು ಎಂಬುದೆಲ್ಲ ಅವುಗಳೊಳಗೇ ತೀರ್ಮಾನವಾಗಿಹೋಗಿದೆ. ಇಂಥ ನೆಲೆಗೊಂಡ ಹಿಂಡಿನ ನಡುವೆ ಎಂಟು ಗಿನಿ ಕೋಳಿಗಳನ್ನು ತಂದು ನಿಲ್ಲಿಸಿದ ಕ್ರಮವನ್ನು ವಿವರವಾಗಿ ಬರೆಯಬೇಕೆನ್ನಿಸಿದೆ. ನಮ್ಮ ಭಾಗದಲ್ಲಿ ಈ ಹಕ್ಕಿಯನ್ನು ಆಸೆಪಟ್ಟು ತಂದವರಲ್ಲಿ ಹಲವರು, ಅವು ಹಾರಿಹೋದವೆಂದೋ ಹುಂಜವನ್ನು ಓಡಾಡಿಸಿ ಸುಸ್ತು ಮಾಡಿದವೆಂದೋ ಸ್ವಲ್ಪ ದಿನಗಳಲ್ಲಿಯೇ ಕೈಬಿಟ್ಟಿರುವುದನ್ನು ನಾನು ಕಂಡಿದ್ದೇನೆ.

ನಮಗೆ ಗಿನಿ ಕೋಳಿ ಬೇಕೆನ್ನಿಸಲು ಕಾರಣ ದನದ ಮನೆಯ ಸುತ್ತಲಿನ ಉಣ್ಣಿಗಳು ಮತ್ತು ಕಬ್ಬು ಕಟಾವಿನ ಹಂಗಾಮಿನಲ್ಲಿ ಮನೆಯ ಕಡೆಗೆ ಸರಿದು ಬರುವ ಹಾವುಗಳು. ಕಬ್ಬು ಹೋದ ಮೇಲೆ ಉಳಿಯುವ ರವದಿಯಲ್ಲಿ ಇಲಿಗಳು ಸೇರುತ್ತವೆ, ಇಲಿಗಳನ್ನು ಹುಡುಕಿಕೊಂಡು ಹಾವುಗಳು ಬರುತ್ತವೆ. ಗಿನಿ ಕೋಳಿ ಇದ್ದರೆ ಹಾವೇ ಸುಳಿಯುವುದಿಲ್ಲ ಎಂದು ಮಾರುವವರು ಹೇಳುತ್ತಾರಾದರೂ ಅದನ್ನು ಹಾಗೆಯೇ ನಂಬಬಾರದು. ಅವು ಗುಂಪುಗೂಡಿ ಸಣ್ಣ ಹಾವನ್ನು ಕುಕ್ಕಿ ಕೊಲ್ಲಬಲ್ಲವು. ದೊಡ್ಡ ಹಾವನ್ನು ಕಂಡರೆ ದೂರದಿಂದ ಸುತ್ತುಗಟ್ಟಿ, ಮನೆಯೊಳಗಿದ್ದವರಿಗೂ ಕೇಳುವಂತೆ ಕೂಗುತ್ತವೆ. ಸಣ್ಣ ಮಕ್ಕಳು ಓಡಾಡುವ ತೋಟದ ಮನೆಗೆ ಆ ಕೂಗೇ ಸಾಕಷ್ಟು ದೊಡ್ಡ ಉಪಕಾರ. ಉಣ್ಣಿ, ಮಿಡತೆ, ಗೆದ್ದಲು, ಹುಲ್ಲಿನ ಬೀಜ ಇವೆಲ್ಲ ಅವುಗಳ ದಿನದ ಮೇವಿನಲ್ಲಿಯೇ ಬರುತ್ತವೆ. ಜವಾರಿ ಕೋಳಿಯಂತೆ ನೆಲವನ್ನು ಅಷ್ಟಾಗಿ ಕೆದರದೆ ಮೇಲ್ಮೈಯಿಂದಲೇ ಹೆಕ್ಕುವುದರಿಂದ ಕಾಯಿಪಲ್ಲೆಯ ಮಡಿಗಳೂ ಉಳಿಯುತ್ತವೆ.

ಆಫ್ರಿಕಾ ಮೂಲದ ಈ ಹಕ್ಕಿಯನ್ನು ನಮ್ಮ ದೇಶದಲ್ಲಿ ಸಾಕಣೆಗೆ ಹದಗೊಳಿಸುವ ಕೆಲಸವನ್ನು ಉತ್ತರ ಪ್ರದೇಶದ ಬರೇಲಿ ಬಳಿಯ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಮಾಡಿದೆ. ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ಎಂಬ ತಳಿಗಳು ಅಲ್ಲಿಯವು. ನಾವು ತಂದವು ಕಪ್ಪು ಛಾಯೆಯ ಬೂದು ಮೈಮೇಲೆ ಬಿಳಿಯ ಚುಕ್ಕೆಗಳಿರುವ, ಎಲ್ಲೆಡೆ ಸಾಮಾನ್ಯವಾಗಿ ಕಾಣುವ ಬಣ್ಣದವು. ಊರಿನವರು ಮೊದಲು ಕೇಳಿದ ಪ್ರಶ್ನೆ ಇದು ಕೌಜುಗವೇ, ಸಾಕಿದರೆ ಅರಣ್ಯ ಇಲಾಖೆಯವರು ಕೇಸು ಹಾಕುವುದಿಲ್ಲವೇ ಎಂಬುದಾಗಿತ್ತು. ಕೌಜುಗ ನಮ್ಮ ಹೊಲಗಳ ಕಾಡುಹಕ್ಕಿಯಾಗಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಅದನ್ನು ಹಿಡಿಯುವಂತಿಲ್ಲ. ಗಿನಿ ಕೋಳಿಯಾದರೋ ಕೋಳಿ, ಬಾತುಗಳಂತೆ ಸಾಕುಹಕ್ಕಿ.

ಮರಿಗಳನ್ನು ದಸರೆ ಮುಗಿದ ಮೇಲೆ, ಅವಕ್ಕೆ ಮೂರು ತಿಂಗಳು ತುಂಬುವ ಹೊತ್ತಿಗೆ ತಂದೆವು. ಈ ವಯಸ್ಸನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ತೀರಾ ಎಳೆಯ ಮರಿಗಳು ತಂಪಿಗೆ ಮತ್ತು ತೇವಕ್ಕೆ ಬೇಗ ಸಾಯುತ್ತವೆ. ಪೂರ್ತಿ ಬೆಳೆದವು ತಾವು ಹುಟ್ಟಿದ ಜಾಗವನ್ನೇ ಮನೆಯೆಂದು ತಿಳಿದಿರುವುದರಿಂದ ಬಿಟ್ಟ ಕೂಡಲೇ ಹಾರಿ ದಿಕ್ಕು ತಪ್ಪುತ್ತವೆ. ಮೂರು ತಿಂಗಳ ಮರಿಗೆ ಮೈತುಂಬ ಗರಿ ಬಂದಿರುತ್ತದೆ, ಹೊಸ ಜಾಗವನ್ನು ತನ್ನದೆಂದುಕೊಳ್ಳುವ ಗುಣವೂ ಉಳಿದಿರುತ್ತದೆ. ಆ ವಯಸ್ಸಿನಲ್ಲಿ ಗಂಡು ಹೆಣ್ಣನ್ನು ನೋಟದಿಂದ ಬೇರ್ಪಡಿಸುವುದು ಕಷ್ಟ, ಕಿವಿಯಿಂದ ಸುಲಭ. ಎರಡು ಸ್ವರದಲ್ಲಿ, ಎರಡನೆಯದನ್ನು ಏರಿಸಿ ಕೂಗುವುದು ಹೆಣ್ಣು ಮಾತ್ರ; ಗಂಡು ಒಂದೇ ಸ್ವರವನ್ನು ಬಿಡದೆ ಕೂಗುತ್ತದೆ. ಹೆಣ್ಣು ಒಂದೇ ಸ್ವರದಲ್ಲಿಯೂ ಕೂಗಬಲ್ಲದಾದ್ದರಿಂದ ಸ್ವಲ್ಪ ಹೊತ್ತು ನಿಂತು ಕೇಳಬೇಕು. ಹಾಗೆ ಕೇಳಿಯೇ ಆರು ಹೆಣ್ಣು, ಎರಡು ಗಂಡು ಎಂದು ಆರಿಸಿಕೊಂಡೆ. ಗಂಡುಗಳ ಸಂಖ್ಯೆಯನ್ನು ಕಡಿಮೆ ಇಟ್ಟುಕೊಂಡದ್ದೇ ಮುಂದೆ ನಮ್ಮ ಹುಂಜಗಳನ್ನು ಉಳಿಸಿತು ಎಂಬುದು ನನ್ನ ನಂಬಿಕೆ.

ಇವನ್ನು ಹಿಡಿಯುವ ರೀತಿಯೂ ಬೇರೆ. ಸಂತೆಯಲ್ಲಿ ಜವಾರಿ ಕೋಳಿಯನ್ನು ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದುಕೊಂಡು ಹೋಗುವ ರೂಢಿ ನಮ್ಮಲ್ಲಿದೆ. ಅದು ಯಾವ ಹಕ್ಕಿಗೂ ಒಳ್ಳೆಯದಲ್ಲ, ಗಿನಿ ಕೋಳಿಗಂತೂ ಅದರಿಂದ ಕಾಲಿನ ಕೀಲೇ ಜಾರಬಹುದು. ರೆಕ್ಕೆಗಳನ್ನು ಮೈಗೆ ಒತ್ತಿ ಎರಡೂ ಕೈಗಳಿಂದ ಹಿಡಿಯಬೇಕು. ಗಾಬರಿಯಾದರೆ ಹಿಡಿದ ಜಾಗದ ಗರಿಗಳನ್ನು ಉದುರಿಸಿ ಕೈತಪ್ಪಿಸಿಕೊಳ್ಳುತ್ತವೆ. ಬಿಸಿಲು ಇಳಿದ ಮೇಲೆ ಗಾಳಿಯಾಡುವ ಬಿದಿರಿನ ಬುಟ್ಟಿಗಳಲ್ಲಿಟ್ಟು, ಮೇಲೆ ತೆಳುವಾದ ಹಳೆಯ ಸೀರೆ ಹೊದಿಸಿ ಕತ್ತಲಾಗುವುದರೊಳಗೆ ಮನೆ ಸೇರಿದೆವು.

ತಂದ ಹಕ್ಕಿಗಳನ್ನು ನೇರವಾಗಿ ಹಳೆಯ ಹಿಂಡಿನೊಳಗೆ ಬಿಡಬಾರದೆಂಬುದನ್ನು ನಮ್ಮ ಊರಿನ ಪಶುವೈದ್ಯರು ಮೊದಲೇ ಖಚಿತವಾಗಿ ಹೇಳಿದ್ದರು. “ಅಕ್ಕಾರ, ಮೊದಲ ಮನ್ಯಾಗಿನ ಕೋಳಿಗೆ ಲಸಿಕಿ ಹಾಕಸ್ರಿ, ಆಮ್ಯಾಲ ಹೊಸಾವನ್ನ ತರ್ರಿ. ತಂದಿಂದ ಒಂದ ತಿಂಗಳ ಬ್ಯಾರೇನ ಇಡ್ರಿ,” ಎಂಬುದು ಅವರ ಮಾತು. ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ ರೋಗ ಒಮ್ಮೆ ಹೊಕ್ಕರೆ ಜವಾರಿ ಕೋಳಿಗಳ ಹಿಂಡೇ ಕೆಲವು ದಿನಗಳಲ್ಲಿ ಖಾಲಿಯಾಗುತ್ತದೆ. ಗಿನಿ ಕೋಳಿಗಳು ಸಾಮಾನ್ಯವಾಗಿ ರೋಗಗಳನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಆದರೆ ಹೊಸ ಹಕ್ಕಿ ಹೊರಗೆ ಯಾವ ಲಕ್ಷಣವನ್ನೂ ತೋರಿಸದೆ ಸೋಂಕನ್ನು ಹೊತ್ತು ತರಬಹುದು ಎಂಬುದೇ ಆತಂಕದ ವಿಷಯ. ಹೀಗಾಗಿ ಹಳೆಯ ಕೋಳಿಗಳಿಗೆ ರಾಣಿಖೇತದ ಆರ್‌ಟುಬಿ ಲಸಿಕೆಯನ್ನು ಮುಂಚಿತವಾಗಿ ಹಾಕಿಸಿ, ಗಿನಿ ಕೋಳಿಗಳಿಗೂ ವೈದ್ಯರು ಹೇಳಿದಂತೆ ಹಾಕಿಸಿದೆವು. ಲಸಿಕೆಯನ್ನು ಬರ್ಫ ತುಂಬಿದ ಥರ್ಮಾಸಿನಲ್ಲಿ ತರಬೇಕು, ಬೆರೆಸಿದ ಮೇಲೆ ಬೇಗನೆ ಹಾಕಿ ಮುಗಿಸಬೇಕು. ನಮ್ಮ ಭಾಗದ ಬಿಸಿಲಿನಲ್ಲಿ ಈ ಎಚ್ಚರ ತಪ್ಪಿದರೆ ಲಸಿಕೆ ಹಾಕಿಯೂ ಹಾಕದಂತಾಗುತ್ತದೆ.

ಬೇರೆ ಇಡುವ ಜಾಗಕ್ಕಾಗಿ ಕೋಳಿಗೂಡಿನಿಂದ ದೂರದಲ್ಲಿ, ಹೊಟ್ಟು ತುಂಬಿಡುತ್ತಿದ್ದ ತಗಡಿನ ಕೋಣೆಯನ್ನು ಖಾಲಿ ಮಾಡಿ ಸುಣ್ಣ ಹೊಡೆಸಿದೆವು. ಆ ದಿನಗಳಲ್ಲಿ ದಿನದ ಕೆಲಸದ ಕ್ರಮವೇ ಬದಲಾಯಿತು: ಮೊದಲು ಹಳೆಯ ಕೋಳಿಗಳಿಗೆ ಕಾಳು ನೀರು, ಕೊನೆಗೆ ಗಿನಿ ಕೋಳಿಗಳಿಗೆ, ಅಲ್ಲಿಗೆಂದೇ ಬೇರೆ ಚಪ್ಪಲಿ, ಬೇರೆ ನೀರಿನ ಪಾತ್ರೆ, ಬೇರೆ ಕಸಬರಿಗೆ. ಮೂಗು ಸುರಿಯುವುದು, ಕಣ್ಣಿನಲ್ಲಿ ನೊರೆ, ಉಸಿರಾಡುವಾಗ ಸದ್ದು, ಹಿಕ್ಕೆಯಲ್ಲಿ ರಕ್ತ ಅಥವಾ ಗಂಧಕದ ಬಣ್ಣ ಇವನ್ನೆಲ್ಲ ದಿನವೂ ನೋಡುತ್ತಿದ್ದೆ. ರೆಕ್ಕೆಯ ಕೆಳಗೆ ಹೇನು, ನುಸಿಗಳಿವೆಯೇ ಎಂದು ರಾತ್ರಿ ಟಾರ್ಚು ಹಿಡಿದು ಪರೀಕ್ಷಿಸಿ, ಜಂತಿನ ಔಷಧವನ್ನೂ ಕೊಟ್ಟೆವು. ದೂರದಿಂದಲೇ ಕೇಳುತ್ತಿದ್ದ ಅವುಗಳ ಕೂಗಿನಿಂದ ನಮ್ಮ ಅತ್ತೆಯವರಿಗೆ ನೆಮ್ಮದಿ ಇರಲಿಲ್ಲ. “ಇವು ಹಿಂಗ ಒದರಿದ್ರ ನಮ್ಮ ಕೋಳಿ ತತ್ತಿ ಇಡೂದ ಬಿಡ್ತಾವ ನೋಡವಾ,” ಎಂದು ಅವರು ಹೇಳಿದಾಗ ನನಗೂ ಅಳುಕಿತ್ತು. ಆದರೆ ತತ್ತಿ ಕಡಿಮೆಯಾಗಲಿಲ್ಲ.

ತಿಂಗಳು ಕಳೆದ ಮೇಲೆ ಎರಡನೆಯ ಹಂತ. ಕೋಳಿಗೂಡಿಗೆ ಅಂಟಿಕೊಂಡಂತೆ, ಬೇವಿನ ಗಿಡದ ನೆರಳಿನಲ್ಲಿ, ಹತ್ತು ಅಡಿ ಉದ್ದ ಎಂಟು ಅಡಿ ಅಗಲದ ಒಂದು ಅಂಕಣ ಕಟ್ಟಿಸಿ, ನಡುವಿನ ಗೋಡೆಯ ಬದಲು ಅರ್ಧ ಅಂಗುಲದ ತಂತಿಯ ಜಾಲರಿ ಹಾಕಿಸಿದೆವು. ಮೇಲೆಯೂ ಜಾಲರಿಯೇ, ಏಕೆಂದರೆ ಆಳೆತ್ತರದ ಬೇಲಿಯನ್ನು ಇವು ನಿಂತಲ್ಲಿಂದಲೇ ಹಾರಿ ದಾಟುತ್ತವೆ. ಈ ಏರ್ಪಾಡಿನಿಂದ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದು, ಹಳೆಯ ಕೋಳಿಗಳೂ ಹೊಸ ಹಕ್ಕಿಗಳೂ ಮುಟ್ಟದೆ, ಕಚ್ಚಾಡದೆ ಒಂದನ್ನೊಂದು ನೋಡಿಕೊಂಡು ರೂಢಿಯಾಗುತ್ತವೆ. ಇನ್ನೊಂದು, ಗಿನಿ ಕೋಳಿಗಳಿಗೆ ಇದೇ ತಮ್ಮ ಮನೆಯೆಂಬುದು ಮನಸ್ಸಿನಲ್ಲಿ ನಾಟುತ್ತದೆ. ಎರಡನೆಯದಕ್ಕೆ ಕನಿಷ್ಠ ಆರು ವಾರಗಳಾದರೂ ಬೇಕು. ಇಲ್ಲಿ ಅವಸರ ಮಾಡಿದವರ ಹಕ್ಕಿಗಳೇ ಹಾರಿಹೋಗುವುದು.

ಮೊದಲ ದಿನ ಜಾಲರಿಯ ಆಚೆ ಈಚೆ ಕೂಗು ಎದ್ದಿತು. ದೊಡ್ಡ ಹುಂಜ ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕುತ್ತ ಜಾಲರಿಯ ಉದ್ದಕ್ಕೂ ತಿರುಗಿತು, ಹೆಣ್ಣು ಕೋಳಿಗಳು ಕತ್ತು ಚಾಚಿ ದೂರ ನಿಂತವು. ಮೂರ್ನಾಲ್ಕು ದಿನಗಳಲ್ಲಿ ಆ ಕುತೂಹಲ ಇಳಿಯಿತು. ಆಗ ಕಾಳಿನ ಪಾತ್ರೆಗಳನ್ನು ಜಾಲರಿಯ ಎರಡೂ ಬದಿಗೆ ಎದುರುಬದುರಾಗಿ ಇಡಲು ಆರಂಭಿಸಿದೆ. ಮೊದಲು ಜಾಲರಿಯಿಂದ ಒಂದು ಮಾರು ದೂರ, ಆಮೇಲೆ ದಿನಕ್ಕಿಷ್ಟು ಹತ್ತಿರ. ಮುಖಾಮುಖಿಯಾಗಿ ತಿನ್ನುವ ಹಕ್ಕಿಗಳಲ್ಲಿ ಸಿಡುಕು ಬೇಗ ಕಡಿಮೆಯಾಗುತ್ತದೆ. ಇದೇ ದಿನಗಳಲ್ಲಿ ಇನ್ನೊಂದು ಅಭ್ಯಾಸ ಮಾಡಿಸಿದೆ: ಸಂಜೆ ಸಜ್ಜೆ ಹಾಕುವ ಮುನ್ನ ಒಂದು ತಗಡಿನ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿ ಸದ್ದು ಮಾಡುವುದು. ಬೇರೆ ಯಾವ ಹೊತ್ತಿನಲ್ಲಿಯೂ ಸಜ್ಜೆ ಕೊಡಲಿಲ್ಲ. ಆ ಸದ್ದು ಕೇಳಿದರೆ ಮಾತ್ರ ಸಜ್ಜೆ ಎಂಬುದು ಅವಕ್ಕೆ ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ಇಂದಿಗೂ ಕಬ್ಬಿನ ಹೊಲದ ಆ ತುದಿಯಲ್ಲಿದ್ದರೂ ಓಡಿ ಬರುತ್ತವೆ.

ಬಿಡುವ ದಿನವನ್ನು ಎಳ್ಳ ಅಮಾವಾಸ್ಯೆ ದಾಟುವವರೆಗೆ ಮುಂದಕ್ಕೆ ಹಾಕಿದೆವು. ಆ ಹಬ್ಬದಂದು ಚರಗ ಚೆಲ್ಲಲು ಬಳಗವೆಲ್ಲ ಹೊಲಕ್ಕೆ ಬರುತ್ತದೆ, ಮಕ್ಕಳ ಓಡಾಟ ಹೆಚ್ಚಿರುತ್ತದೆ; ಅಪರಿಚಿತ ಗದ್ದಲದ ನಡುವೆ ಮೊದಲ ಸಲ ಹೊರಬಂದ ಹಕ್ಕಿ ಬೆದರಿದರೆ ಮರಳುವುದು ಕಷ್ಟ. ಹಬ್ಬ ಮುಗಿದು ಹೊಲ ಮತ್ತೆ ಶಾಂತವಾದ ಮೇಲೆ, ಸಂಜೆ ಸೂರ್ಯ ಮುಳುಗಲು ಒಂದು ತಾಸು ಇರುವಾಗ, ಎರಡೇ ಹೆಣ್ಣುಗಳನ್ನು ಹೊರಗೆ ಬಿಟ್ಟೆ. ಈ ಹಕ್ಕಿಗಳಿಗೆ ತಮ್ಮ ಗುಂಪನ್ನು ಬಿಟ್ಟು ಇರಲಾಗದು. ಒಳಗೆ ಉಳಿದ ಆರು ಕೂಗುತ್ತಿದ್ದುದರಿಂದ ಹೊರಗಿನವು ಅಂಕಣದ ಸುತ್ತ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಕತ್ತಲಾಗುವ ಹೊತ್ತಿಗೆ ಹಸಿವೂ ಸೇರಿ, ಡಬ್ಬಿಯ ಸದ್ದಿಗೆ ಎರಡೂ ಒಳಬಂದವು. ಮರುದಿನ ಬೇರೆ ಎರಡು, ಆಮೇಲೆ ನಾಲ್ಕು, ಹೀಗೆ ಹೆಚ್ಚಿಸುತ್ತ ಹೋಗಿ ಕೊನೆಗೆ ಎರಡೂ ಗಂಡುಗಳನ್ನು ಬಿಟ್ಟೆವು. ನಿಜವಾದ ಪರೀಕ್ಷೆ ಆರಂಭವಾದದ್ದು ಅಲ್ಲಿಂದ.

ಕೋಳಿಗಳ ಹಿಂಡಿನಲ್ಲಿ ಮೇಲು ಕೆಳಗಿನ ಒಂದು ಸಾಲು ಇರುತ್ತದೆ. ಯಾರು ಯಾರನ್ನು ಕುಕ್ಕಬಹುದು ಎಂಬ ಈ ಏರ್ಪಾಡನ್ನು ನಾರ್ವೆ ದೇಶದ ಥೋರ್ಲೈಫ್ ಶೆಲ್ಡರುಪ್-ಎಬ್ಬೆ ಎಂಬ ವಿಜ್ಞಾನಿ 1920ರ ದಶಕದ ಆರಂಭದಲ್ಲಿ ಮೊದಲು ವಿವರಿಸಿದರೆಂದು ಪ್ರಾಣಿವರ್ತನೆಯ ಪುಸ್ತಕಗಳು ಹೇಳುತ್ತವೆ. ಕೋಳಿ ಸಾಕುವ ನಮ್ಮ ಹೆಣ್ಣುಮಕ್ಕಳಿಗಂತೂ ಅದು ದಿನವೂ ಕಾಣುವ ಸಂಗತಿ. ಹೊಸ ಜವಾರಿ ಹುಂಜ ಬಂದರೆ ಹಳೆಯ ಹುಂಜದೊಂದಿಗೆ ಎದುರಾಎದುರು ನಿಂತು, ಕತ್ತಿನ ಗರಿ ನಿಮಿರಿಸಿ, ಮೇಲಕ್ಕೆ ನೆಗೆದು ಕಾಲುಗುರಿನಿಂದ ಒದ್ದು ಕಾಳಗ ಮಾಡುತ್ತದೆ. ಯಾವುದೋ ಒಂದು ಸೋತು ಹಿಂದೆ ಸರಿಯುತ್ತದೆ, ಅಲ್ಲಿಗೆ ಮುಗಿಯುತ್ತದೆ. ಗಿನಿ ಕೋಳಿಗೆ ಈ ನಿಯಮಗಳು ಇಲ್ಲ. ಬೆನ್ನು ಗೂನು ಮಾಡಿ, ರೆಕ್ಕೆಗಳನ್ನು ಮೇಲೆತ್ತಿ, ತಲೆ ತಗ್ಗಿಸಿ ಹಿಂದಿನಿಂದ ಓಡಿ ಬಂದು ಹುಂಜದ ಬಾಲದ ಗರಿಯನ್ನು ಕಚ್ಚಿ ಎಳೆಯುತ್ತದೆ. ಹುಂಜ ತಿರುಗಿ ನಿಂತು ಕಾಳಗಕ್ಕೆ ಸಿದ್ಧವಾಗುವಷ್ಟರಲ್ಲಿ ಅದು ಪಕ್ಕಕ್ಕೆ ಓಡಿ, ಮತ್ತೊಂದು ಗಂಡು ಹಿಂದಿನಿಂದ ಬಂದಿರುತ್ತದೆ. ಸೋತು ಸರಿದರೂ ಬಿಡುವುದಿಲ್ಲ. ಓಡಿದಷ್ಟೂ ಅಟ್ಟಿಸಿಕೊಂಡು ಹೋಗುತ್ತವೆ.

ನಮ್ಮ ದೊಡ್ಡ ಹುಂಜ, ಊರ ನಾಯಿಗೂ ಹೆದರದ ಹಕ್ಕಿ, ಎರಡನೆಯ ದಿನವೇ ದಂಡಿನ ಹಾಗೆ ಬೆನ್ನಟ್ಟಿದ ಇವುಗಳಿಂದ ತಪ್ಪಿಸಿಕೊಂಡು ಬಣವೆಯ ಮೇಲೆ ಹತ್ತಿ ಕುಳಿತದ್ದನ್ನು ಕಂಡು ನಮ್ಮ ಅತ್ತೆಯವರು ಬಹಳ ನೊಂದುಕೊಂಡರು. ಅವರ ನೋವು ನನಗೆ ಅರ್ಥವಾಗುತ್ತಿತ್ತು, ಏಕೆಂದರೆ ಆ ಹುಂಜವನ್ನು ಅವರೇ ಮರಿಯಿಂದ ಸಾಕಿದ್ದರು. ಆಗ ಮಾಡಿದ ಮೊದಲ ಕೆಲಸ, ಹೆಚ್ಚು ಸಿಡುಕಿನ ಗಂಡನ್ನು ಹಿಡಿದು ಒಂದು ವಾರ ಮತ್ತೆ ಜಾಲರಿಯೊಳಗೆ ಒಂಟಿಯಾಗಿ ಇಟ್ಟದ್ದು. ಒಂಟಿಯಾದ ಗಂಡು ತನ್ನ ಗುಂಪಿನೊಳಗಿನ ಸ್ಥಾನವನ್ನು ಕಳೆದುಕೊಂಡು, ಮರಳಿ ಬಂದಾಗ ತಗ್ಗಿ ನಡೆಯುತ್ತದೆ. ಅದು ಫಲ ಕೊಟ್ಟಿತು, ಆದರೆ ಅದೊಂದೇ ಸಾಲಲಿಲ್ಲ. ಗಮನವಿಟ್ಟು ನೋಡಿದಾಗ ಎಲ್ಲ ಜಗಳಗಳೂ ಕಾಳಿನ ಪಾತ್ರೆಯ ಹತ್ತಿರ, ನೀರಿನ ಹತ್ತಿರ, ಇಲ್ಲವೇ ಗೂಡಿನ ಬಾಗಿಲಲ್ಲಿಯೇ ನಡೆಯುತ್ತಿದ್ದವು. ಬಯಲಿನಲ್ಲಿ ಮೇಯುವಾಗ ಎರಡೂ ಗುಂಪುಗಳು ಮಾರು ದೂರದಲ್ಲಿದ್ದರೂ ಒಂದನ್ನೊಂದು ಕೆಣಕುತ್ತಿರಲಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಗಿನಿ ಕೋಳಿಯ ಸಿಡುಕು ಎದ್ದುನಿಲ್ಲುತ್ತದೆ ಎಂಬುದು ಹೀಗೆ ಸ್ಪಷ್ಟವಾಯಿತು. ನಾನು ಮುಂದೆ ಮಾಡಿದ್ದೆಲ್ಲವೂ ಈ ಇಕ್ಕಟ್ಟನ್ನು ತೆಗೆಯುವ ಪ್ರಯತ್ನವೇ.

ಕಾಳಿನ ಒಂದು ಪಾತ್ರೆಯ ಬದಲು ನಾಲ್ಕು ಪಾತ್ರೆಗಳನ್ನು, ಒಂದರಿಂದ ಇನ್ನೊಂದು ಕಾಣದಂತೆ ಇಟ್ಟೆವು: ಒಂದು ದನದ ಮನೆಯ ಹಿಂದೆ, ಒಂದು ಬಾವಿಯ ಕಟ್ಟೆಯ ಬದಿಗೆ, ಉಳಿದೆರಡು ಗೂಡಿನ ಎರಡು ಮೂಲೆಗಳಲ್ಲಿ. ನೀರಿನ ತಾಟುಗಳನ್ನೂ ಹಾಗೆಯೇ ಹಂಚಿದೆವು. ಕೋಳಿಗಳಿಗೆ ತಲೆಮರೆಸಿಕೊಳ್ಳಲು ಜೋಳದ ಕಣಿಕೆಯ ಸಿವುಡುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬೀಳುವಂತೆ ಇರಬೇಕು, ಏಕೆಂದರೆ ಮೂಲೆಗೆ ಸಿಕ್ಕಿಬಿದ್ದ ಕೋಳಿಯೇ ಹೆಚ್ಚು ಪೆಟ್ಟು ತಿನ್ನುತ್ತದೆ. ಕಾಳಿನ ವಿಷಯದಲ್ಲಿಯೂ ಬೇರೆ ಬೇರೆ ಇಡುವುದು ಲಾಭಕರವಾಯಿತು. ತತ್ತಿ ಇಡುವ ಕೋಳಿಗಳಿಗೆ ಸುಣ್ಣದಂಶ ಹೆಚ್ಚಿರುವ ಆಹಾರ ಬೇಕು, ಇನ್ನೂ ಬೆಳೆಯುತ್ತಿರುವ ಗಿನಿ ಕೋಳಿಗಳಿಗೆ ಅದು ಒಳ್ಳೆಯದಲ್ಲ. ಆದ್ದರಿಂದ ಕಪ್ಪೆಚಿಪ್ಪಿನ ಪುಡಿಯನ್ನು ಆಹಾರದಲ್ಲಿ ಬೆರೆಸದೆ ಬೇರೆ ಬಟ್ಟಲಲ್ಲಿ ಇಟ್ಟೆವು, ಬೇಕಾದ ಕೋಳಿ ತಾನೇ ತಿನ್ನುತ್ತದೆ. ಕೆಲವು ವಾರಗಳಲ್ಲಿ ಹಗಲಿನ ಜಗಳ ಅಪರೂಪವಾಯಿತು. ದೊಡ್ಡ ಹುಂಜ ಬಣವೆಯಿಂದ ಇಳಿದು ತನ್ನ ಹೆಣ್ಣುಗಳೊಂದಿಗೆ ಬಾವಿಯ ಕಡೆಯನ್ನು ತನ್ನದಾಗಿಸಿಕೊಂಡಿತು, ಗಿನಿ ಕೋಳಿಗಳು ಕಬ್ಬಿನ ಅಂಚನ್ನು ಹಿಡಿದವು.

ರಾತ್ರಿಯ ಏರ್ಪಾಡು ಹಗಲಿನದಕ್ಕಿಂತ ಸೂಕ್ಷ್ಮ. ಗಿನಿ ಕೋಳಿಗೆ ಎತ್ತರದಲ್ಲಿ ಮಲಗುವುದು ಹುಟ್ಟುಗುಣ. ಬಿಟ್ಟರೆ ಬೇವಿನ ಗಿಡದ ತುದಿಗೆ ಹೋಗಿ ಕೂರುತ್ತವೆ, ಅಲ್ಲಿ ಗೂಗೆಯೂ ಕಾಡುಬೆಕ್ಕೂ ಅವನ್ನು ಹುಡುಕುತ್ತವೆ. ಮೇಲಾಗಿ ಕತ್ತಲೆಯ ಗೂಡಿನೊಳಗೆ ಹೆಜ್ಜೆ ಇಡಲು ಅವಕ್ಕೆ ಹೆದರಿಕೆ. ಮುಸ್ಸಂಜೆಯಲ್ಲಿ ಅಂಕಣದೊಳಗೆ ಒಂದು ಸಣ್ಣ ಸೌರದೀಪ ಉರಿಯುವಂತೆ ಮಾಡಿದ ಮೇಲೆ ಒಳಬರಲು ಹಿಂಜರಿಯಲಿಲ್ಲ. ಅವಕ್ಕೆ ಆರು ಅಡಿ ಎತ್ತರದಲ್ಲಿ ಅಟ್ಟಣಿಗೆ, ಜಾಲರಿಯಾಚೆ ಜವಾರಿ ಕೋಳಿಗಳಿಗೆ ಮೊಳಕಾಲಿನಿಂದ ಸೊಂಟದವರೆಗಿನ ಎತ್ತರದಲ್ಲಿ. ಒಂದೇ ಕೋಣೆಯಲ್ಲಿ ಮಲಗಿಸುವವರೂ ಇದ್ದಾರೆ, ಆದರೆ ನಸುಕಿನಲ್ಲಿ ಬಾಗಿಲು ತೆರೆಯುವುದು ತಡವಾದರೆ ಆ ಮುಚ್ಚಿದ ಕೋಣೆಯಲ್ಲಿಯೇ ಗಿನಿ ಗಂಡುಗಳು ಹುಂಜವನ್ನು ಅಟ್ಟಾಡಿಸುತ್ತವೆ. ಒಂದೇ ಸೂರಿನ ಕೆಳಗೆ ಎರಡು ಕೋಣೆ, ಎರಡು ಬಾಗಿಲು ಎಂಬ ಕ್ರಮವನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ನಾಯಿಯ ವಿಷಯವನ್ನೂ ಹೇಳಬೇಕು. ನಮ್ಮ ಸೀಮೆಯ ಮುಧೋಳ ನಾಯಿ ಕಣ್ಣಿಗೆ ಬಿದ್ದ ಓಟಕ್ಕೆ ಬೆನ್ನು ಹತ್ತುವ ಬೇಟೆನಾಯಿ, ಗಿನಿ ಕೋಳಿಯೋ ನಡೆಯುವುದಕ್ಕಿಂತ ಹೆಚ್ಚು ಓಡುವ ಹಕ್ಕಿ. ಜವಾರಿ ಕೋಳಿಗಳ ನಡುವೆ ಬೆಳೆದ ನಮ್ಮ ನಾಯಿ ಅವನ್ನು ಮುಟ್ಟುತ್ತಿರಲಿಲ್ಲವಾದರೂ ಹೊಸ ಹಕ್ಕಿಗಳನ್ನು ಕಂಡಾಗ ಮೈ ಬಿಗಿಹಿಡಿದು ನಿಲ್ಲುತ್ತಿತ್ತು. ಅಂಕಣದ ದಿನಗಳಲ್ಲಿ ಅದನ್ನು ದಿನವೂ ಹಗ್ಗ ಹಿಡಿದು ಜಾಲರಿಯ ಹತ್ತಿರ ಕೂರಿಸಿಕೊಳ್ಳುವ ಕೆಲಸವನ್ನು ಮನೆಯವರು ವಹಿಸಿಕೊಂಡರು. ಹೊರಗೆ ಬಿಡುವ ಹೊತ್ತಿಗೆ ಅದರ ಆಸಕ್ತಿ ಆರಿತ್ತು.

ಎರಡು ಗುಂಪುಗಳು ಕೂಡಿ ಮಲಗಲಿಲ್ಲ, ಕೂಡಿ ತಿನ್ನಲಿಲ್ಲ. ಹಾಗಿದ್ದರೆ ಸೇರಿದವು ಎನ್ನುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ನನಗೆ ಅದು ತಿಳಿದದ್ದು ಶಿವರಾತ್ರಿಯ ಆಸುಪಾಸಿನಲ್ಲಿ. ಕಬ್ಬಿನ ಅಂಚಿನಲ್ಲಿದ್ದ ಗಿನಿ ಕೋಳಿಗಳು ಒಮ್ಮೆಲೇ ಬಿರುಸಾಗಿ ಕೂಗಿದವು. ಅದನ್ನು ಕೇಳಿದ್ದೇ ತಡ, ಬಾವಿಯ ಬಳಿ ಕೆದರುತ್ತಿದ್ದ ಹೆಣ್ಣು ಕೋಳಿಗಳು ಮರಿಗಳನ್ನು ಕರೆದುಕೊಂಡು ಕಣಿಕೆಯ ಸಿವುಡುಗಳೊಳಗೆ ಹೊಕ್ಕವು. ಅವುಗಳಿಗಿನ್ನೂ ಕಾಣದಿದ್ದ ಗಿಡುಗ ಆಮೇಲೆ ಬೇವಿನ ಗಿಡದ ಮೇಲಿಂದ ಹಾದುಹೋಯಿತು. ಹಿಂದಿನ ವರ್ಷಗಳಲ್ಲಿ ಮರಿಗಳಲ್ಲಿ ಸಾಕಷ್ಟು ಪಾಲು ಗಿಡುಗದ ಪಾಲಾಗುತ್ತಿತ್ತು. ಗಿನಿ ಕೋಳಿಯ ಕೂಗಿನ ಅರ್ಥವನ್ನು ಜವಾರಿ ಕೋಳಿಗಳು ಕಲಿತುಕೊಂಡಿದ್ದವು. “ಒದರ್ತಾವ ಖರೆ, ಆದ್ರ ಸುಮ್‌ಸುಮ್ನ ಒದರೂದಿಲ್ಲ ತಂಗಿ,” ಎಂದು ಅತ್ತೆಯವರು ಅಂದೇ ಮೊದಲ ಬಾರಿಗೆ ಅವುಗಳ ಪರವಾಗಿ ಮಾತನಾಡಿದರು.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ಹೆಣ್ಣುಗಳು ತತ್ತಿ ಇಡಲು ಆರಂಭಿಸಿದವು. ನಮ್ಮ ದೇಶದಲ್ಲಿ ಗಿನಿ ಕೋಳಿ ಹೆಚ್ಚಾಗಿ ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೆ ತತ್ತಿ ಇಡುತ್ತದೆ, ಚಳಿಗಾಲದಲ್ಲಿ ನಿಲ್ಲಿಸುತ್ತದೆ. ಈ ಹಂಗಾಮಿನಲ್ಲಿ ಗಂಡುಗಳ ಸಿಡುಕು ಮತ್ತೆ ಹೆಚ್ಚುವುದು ಸಹಜ. ಕಾಳಿನ ಪಾತ್ರೆಗಳು ಹಂಚಿಯೇ ಇದ್ದುದರಿಂದ ಹುಂಜಗಳಿಗೆ ಬಾಲದ ಕೆಲವು ಗರಿಗಳಷ್ಟೇ ನಷ್ಟವಾದವು. ಬಿಟ್ಟರೆ ಹೆಣ್ಣುಗಳೆಲ್ಲ ಕಬ್ಬಿನ ನಡುವೆ ಒಂದೇ ಗುಂಡಿಯಲ್ಲಿ ಗುಟ್ಟಾಗಿ ತತ್ತಿ ಇಟ್ಟುಬಿಡುತ್ತವೆ. ಆದ್ದರಿಂದ ಮಧ್ಯಾಹ್ನದವರೆಗೆ ಅವನ್ನು ಅಂಕಣದಲ್ಲಿಯೇ ಉಳಿಸಿಕೊಂಡು, ಮೂಲೆಯಲ್ಲಿ ಕಣಿಕೆಯ ಮರೆ ಮಾಡಿ, ಎರಡು ಮೂರು ತತ್ತಿಗಳನ್ನು ಅಲ್ಲಿಯೇ ಬಿಟ್ಟು ಉಳಿದವನ್ನು ತೆಗೆಯುತ್ತಿದ್ದೆವು. ಗೂಡು ಬರಿದಾದರೆ ಹೆಣ್ಣು ಜಾಗ ಬದಲಿಸುತ್ತದೆ.

ಆ ತತ್ತಿಗಳನ್ನು ಕಾವಿಗೆ ಕೂಡಿಸಲು ಅತ್ತೆಯವರು ತಮ್ಮ ಜವಾರಿ ಕೋಳಿಯನ್ನೇ ಆರಿಸಿದರು. ಗಿನಿ ಹೆಣ್ಣು ತಾನೇ ಕಾವಿಗೆ ಕೂತರೂ ಮರಿಗಳನ್ನು ಇಬ್ಬನಿಯ ಹುಲ್ಲಿನಲ್ಲಿ ದೂರ ದೂರ ನಡೆಸಿಕೊಂಡು ಹೋಗುತ್ತದೆ, ಹಿಂದೆ ಉಳಿದವು ತೇವದಲ್ಲಿ ಸೆಟೆದು ಸಾಯುತ್ತವೆ. ಜವಾರಿ ಕೋಳಿಯ ತಾಯ್ತನ ನಿಧಾನದ್ದು. ಆದರೆ ಇಲ್ಲಿ ಒಂದು ಲೆಕ್ಕ ತಪ್ಪಬಾರದು. ಕೋಳಿಯ ತತ್ತಿಗೆ 21 ದಿನಗಳ ಕಾವು, ಗಿನಿ ಕೋಳಿಯ ತತ್ತಿಗೆ 26ರಿಂದ 28 ದಿನ. ಎರಡನ್ನೂ ಒಂದೇ ಬುಟ್ಟಿಯಲ್ಲಿಟ್ಟರೆ ತನ್ನ ಮರಿಗಳು ಹೊರಬಂದ ಕೂಡಲೇ ತಾಯಿ ಎದ್ದುಬಿಡುತ್ತದೆ, ಉಳಿದ ತತ್ತಿಗಳು ತಣ್ಣಗಾಗುತ್ತವೆ. ಹಾಗೆಂದು ಗಿನಿ ಕೋಳಿಯ ತತ್ತಿಗಳನ್ನು ಮಾತ್ರ, ಹದಿನೈದರಷ್ಟು, ಹಿಂದೆ ಛಲಬಿಡದೆ ಕಾವು ಕೊಟ್ಟಿದ್ದ ಕೋಳಿಯ ಕೆಳಗೆ ಇಟ್ಟೆವು. ಚಿಪ್ಪು ದಪ್ಪವಾಗಿರುವುದರಿಂದ ಟಾರ್ಚಿನ ಬೆಳಕಿನಲ್ಲಿ ಒಳಗಿನ ನರಗಳು ಕೋಳಿಯ ತತ್ತಿಯಲ್ಲಿ ಕಂಡಷ್ಟು ಬೇಗ ಕಾಣುವುದಿಲ್ಲ, ತಾಳ್ಮೆ ಬೇಕು.

ಮಿರಗದ ಮಳೆ ಶುರುವಾಗುವ ಹೊತ್ತಿಗೆ ಕಂದುಪಟ್ಟೆಯ ಮರಿಗಳು ಹೊರಬಂದವು. ಅವುಗಳ ಕಾಲು ಜಾರದಂತೆ ನೆಲಕ್ಕೆ ಕಾಗದದ ಬದಲು ಗೋಣಿಚೀಲ ಹಾಸಿದೆ. ನುಣುಪಾದ ನೆಲದಲ್ಲಿ ಎಳೆಮರಿಯ ಕಾಲುಗಳು ಎರಡು ಬದಿಗೆ ಸರಿದು ಹಾಗೆಯೇ ಉಳಿದುಬಿಡುತ್ತವೆ. ನೀರಿನ ತಾಟಿನಲ್ಲಿ ಹರಳುಗಳನ್ನು ತುಂಬಿ, ಕೊಕ್ಕು ಮುಳುಗುವಷ್ಟೇ ನೀರು ಉಳಿಸಿದೆ. ಮೊದಲ ವಾರಗಳಲ್ಲಿ ಇವಕ್ಕೆ ಶೇಕಡಾ 24ರಿಂದ 26ರಷ್ಟು ಪ್ರೋಟೀನು ಬೇಕಾಗುತ್ತದೆ, ಇದು ಕೋಳಿಮರಿಗಿಂತ ಹೆಚ್ಚು. ಅಂಗಡಿಯ ಪ್ರೀ-ಸ್ಟಾರ್ಟರ್ ಆಹಾರಕ್ಕೆ ಬೇಯಿಸಿದ ತತ್ತಿ ಮತ್ತು ಗೆದ್ದಲನ್ನು ಸೇರಿಸಿದೆ. ಗರಿ ಬಲಿಯುವವರೆಗೆ ಮಳೆಗೂ ಇಬ್ಬನಿಗೂ ತಾಯಿ ಮರಿಗಳನ್ನು ಹೊರಬಿಡಲಿಲ್ಲ.

ಈ ಮರಿಗಳಿಗೆ ಜಾಲರಿಯ ಅಂಕಣವೂ ಬೇಕಾಗಲಿಲ್ಲ, ಡಬ್ಬಿಯ ಅಭ್ಯಾಸವೂ ಬೇಕಾಗಲಿಲ್ಲ. ಸಾಕಿದ ತಾಯಿಯ ಕೂಗಿಗೆ ಓಡಿ ಬಂದು ಅದರ ರೆಕ್ಕೆಯಡಿ ಸೇರುತ್ತಿದ್ದವು, ಸಂಜೆ ಅದರ ಹಿಂದೆಯೇ ಗೂಡಿಗೆ ಹೋಗುತ್ತಿದ್ದವು. ಹಿಂಡಿನ ಇತರ ಕೋಳಿಗಳು ಅವನ್ನು ಆ ತಾಯಿಯ ಮರಿಗಳೆಂದೇ ಸಹಿಸಿಕೊಂಡವು. ಬೆಳೆದ ಮೇಲೆ ಅವೂ ತಮ್ಮ ಜಾತಿಯ ಗುಂಪಿಗೇ ಸರಿದು ಕಬ್ಬಿನ ಅಂಚಿಗೆ ಹೋದವಾದರೂ, ಅವುಗಳಲ್ಲಿ ಹುಂಜವನ್ನು ಅಟ್ಟುವ ಗೀಳು ತಂದವುಗಳಿಗಿಂತ ಬಹಳ ಕಡಿಮೆ. ಈಗಾಗಲೇ ಜವಾರಿ ಕೋಳಿ ಇರುವ ಮನೆಯವರು ಯಾರಾದರೂ ಕೇಳಿದರೆ ಬೆಳೆದ ಹಕ್ಕಿಗಳ ಬದಲು ತತ್ತಿಗಳನ್ನೇ ಕೊಟ್ಟು, ಕಾವಿಗೆ ಕೂತ ಕೋಳಿ ಸಿಕ್ಕ ದಿನ ಬಂದು ಒಯ್ಯಿರೆಂದು ಹೇಳುತ್ತಿದ್ದೇನೆ. ಹೆಚ್ಚಾದ ಗಂಡುಗಳನ್ನು ಯುಗಾದಿಗೆ ಮೊದಲೇ ಮಾರುತ್ತೇವೆ; ನಾಲ್ಕೈದು ಹೆಣ್ಣುಗಳಿಗೆ ಒಂದು ಗಂಡು ಇದ್ದರೆ ಸಾಕು.